ಫಲಿತಾಂಶದ ಮರುದಿನ

ಮಲಪ್ರಭೆಯ ದಂಡೆಯ ಮುನವಳ್ಳಿಯಂಥ ಊರಿನಲ್ಲಿ ದ್ವಿತೀಯ ಪಿಯುಸಿಯ ಜೀವಶಾಸ್ತ್ರ ಪರೀಕ್ಷೆಯೆಂದರೆ ಮನೆತನದ ಆಸೆಯೇ ಪಣಕ್ಕೆ ಬಿದ್ದಂತೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತ ಮಗು ಇಲ್ಲಿ ಇಂಗ್ಲಿಷ್ ಪಾರಿಭಾಷಿಕ ಪದಗಳ ಕಾಡನ್ನು ಹೊಕ್ಕು ದಾರಿ ಹುಡುಕಬೇಕು. ಹೊಲದಲ್ಲಿ ಕಣ್ಣಾರೆ ಕಂಡ ಪರಾಗಸ್ಪರ್ಶವೂ ‘ಪಾಲಿನೇಷನ್’ ಎಂಬ ಹೆಸರು ಹೊತ್ತು ಬಂದಾಗ ಅಪರಿಚಿತವೆನಿಸುತ್ತದೆ. ಅರ್ಥ ಕೈಗೆ ಸಿಗದಾಗ ಬಾಯಿಪಾಠವೊಂದೇ ಆಸರೆ.

ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯ 720 ಅಂಕಗಳಲ್ಲಿ 360 ಜೀವಶಾಸ್ತ್ರದವು. ಆದುದರಿಂದಲೇ ಈ ವಿಷಯದಲ್ಲಿ ಅಂಕ ಇಳಿದರೆ ತಂದೆ ಮಾತು ಬಿಡುತ್ತಾನೆ. ತಾಯಿ ಒಲೆಯ ಮುಂದೆ ಕಣ್ಣೊರೆಸಿಕೊಳ್ಳುತ್ತಾಳೆ. ಮಗು ಅಪರಾಧಿಯಂತೆ ಮೂಲೆ ಸೇರುತ್ತದೆ.

ಅಂಥ ಮನೆಯವರು ಆ ಪಠ್ಯಪುಸ್ತಕವನ್ನೇ ಒಮ್ಮೆ ತೆರೆದು ನೋಡಬೇಕು. ಬಟಾಣಿ ಗಿಡಗಳಿಂದ ಅನುವಂಶೀಯತೆಯ ನಿಯಮಗಳನ್ನು ಕಂಡುಕೊಂಡ ಗ್ರೆಗರ್ ಮೆಂಡಲ್ ಅಲ್ಲಿದ್ದಾನೆ. ಬ್ರುನೋ ನಗರದ ಮಠವಾಸಿಯಾದ ಆತ 1850ರಲ್ಲಿ ಶಿಕ್ಷಕರ ಅರ್ಹತಾ ಪರೀಕ್ಷೆಗೆ ಕುಳಿತು ಅನುತ್ತೀರ್ಣನಾದ. ಮಠದ ಹಿರಿಯರು ಅವನನ್ನು ಹೀಗಳೆಯಲಿಲ್ಲ. ಮರುವರ್ಷ ವಿಯೆನ್ನಾ ವಿಶ್ವವಿದ್ಯಾಲಯಕ್ಕೆ ಓದಲು ಕಳುಹಿದರು. ಅಲ್ಲಿಂದ ಮರಳಿ ಬಂದವನೇ ಮಠದ ತೋಟದಲ್ಲಿ ಬಟಾಣಿ ಬಿತ್ತಿದ. 1866ರಲ್ಲಿ ಅವನ ಪ್ರಬಂಧ ಅಚ್ಚಾಯಿತು. ಇಂದು ನಮ್ಮ ಮಕ್ಕಳು ಆ ಪಾಠವನ್ನೇ ಕಲಿತು ಪರೀಕ್ಷೆ ಬರೆಯುತ್ತಾರೆ!

ಒಂದೇ ವರ್ಷದಲ್ಲಿ ಮತ್ತೆ ಬರೆದು ಹೆಚ್ಚಿನ ಅಂಕವನ್ನು ಉಳಿಸಿಕೊಳ್ಳುವ ಅವಕಾಶ ಕರ್ನಾಟಕದಲ್ಲಿ 2024ರಿಂದ ಒದಗಿದೆ. ಬಾಗಿಲು ತೆರೆದಿದೆ; ಆದರೆ ಸೋತು ಕುಳಿತ ಮಗು ತಾನಾಗಿ ಎದ್ದು ಅದನ್ನು ದಾಟಲಾರದು. ತಂದೆತಾಯಿಗಳೇ, ಫಲಿತಾಂಶದ ಮರುದಿನ ಅದರ ಬಳಿ ಕುಳಿತು, ‘ಯಾವ ಪಾಠ ತಿಳಿಯಲಿಲ್ಲ?’ ಎಂದು ಕೇಳಿರಿ. ಮೆಂಡಲನ ಮಠದವರು ಮಾಡಿದ್ದೂ ಅಷ್ಟೇ ಅಲ್ಲವೆ?