ಅಪ್ಪನ ಸರ್ವಿಸ್ ರೆಕಾರ್ಡ್‌ನಲ್ಲಿ ಯಾವ ಊರಿದೆ, ನೋಡಿದ್ದೀರಾ?

ಮೊನ್ನೆ ಲಕ್ಷ್ಮೇಶ್ವರದಿಂದ ಒಬ್ಬ ಹುಡುಗಿ ವಾಯ್ಸ್ ಮೆಸೇಜ್ ಕಳಿಸಿದ್ದಳು. ಅದರಲ್ಲಿ ಅರ್ಧ ಬರೀ ಊರುಗಳ ಹೆಸರು: ಜೋಧಪುರ, ಪಠಾಣ್‌ಕೋಟ್, ಸಿಕಂದರಾಬಾದ್. ಅಪ್ಪ ಸೇನೆಯಲ್ಲಿದ್ದರು. ಪೋಸ್ಟಿಂಗ್ ಎಲ್ಲಿಗೋ ಶಾಲೆ ಅಲ್ಲಿಗೆ. ಒಂದನೇ ಕ್ಲಾಸಿನಿಂದ ಹನ್ನೆರಡರ ತನಕ ಕರ್ನಾಟಕದಲ್ಲಿ ಒಂದು ವರ್ಷವೂ ಓದಿಲ್ಲ. ಈಗ ಅಪ್ಪ ನಿವೃತ್ತರಾಗಿ ಊರಿಗೆ ಬಂದಿದ್ದಾರೆ. "ಅಣ್ಣಾ, ಸಿಇಟಿಗೆ ಏಳು ವರ್ಷ ಕರ್ನಾಟಕದಾಗ ಓದಿರಬೇಕಂತ. ಹಂಗಾದ್ರ ನಾವು ಯಾವೂರವ್ರು?" ಅಂತ ಕೇಳಿದ್ಲು.

ಪ್ರಶ್ನೆ ಸಣ್ಣದಲ್ಲ. ಸರ್ಕಾರಿ ಕೋಟಾದ ಇಂಜಿನಿಯರಿಂಗ್ ಸೀಟಿಗೂ ಮ್ಯಾನೇಜ್‌ಮೆಂಟ್ ಸೀಟಿಗೂ ಇರೋ ಫೀ ವ್ಯತ್ಯಾಸ ಒಂದು ಪಿಂಚಣಿ ಮನೆಯನ್ನು ಅಲ್ಲಾಡಿಸಿಬಿಡುತ್ತೆ.

ಏಳು ವರ್ಷದ ನಿಯಮ ಇರೋದು ನಿಜ. ಒಂದರಿಂದ ದ್ವಿತೀಯ ಪಿಯುಸಿ ಒಳಗೆ ಕನಿಷ್ಠ ಏಳು ವರ್ಷ ಇಲ್ಲಿ ಓದಿ, ಹತ್ತನೆಯದೋ ಪಿಯುಸಿನೋ ಇಲ್ಲೇ ಪಾಸಾಗಿರಬೇಕು. ಆದರೆ ಅದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಅರ್ಹತಾ ಪಟ್ಟಿಯ ಮೊದಲ ಕಲಂ ಅಷ್ಟೇ. ಬಹಳ ಜನ ಅಲ್ಲೇ ಓದೋದು ನಿಲ್ಲಿಸ್ತಾರೆ. ಕೆಳಗೆ ಹೋದರೆ ಸೈನಿಕರ ಮಕ್ಕಳಿಗೇ ಬೇರೆ ಕಲಂಗಳಿವೆ. ಅಪ್ಪ ಸೇನೆಗೆ ಸೇರುವಾಗ ತನ್ನ ಹೋಮ್ ಟೌನ್ ಅಂತ ಕರ್ನಾಟಕದ ಊರನ್ನು ಬರೆಸಿದ್ದರೆ, ಮಗಳು ದೇಶದ ಯಾವ ಮೂಲೆಯಲ್ಲಿ ಓದಿದ್ದರೂ ಇಲ್ಲಿಯವಳೇ. ಸೇವೆಯಲ್ಲಿರೋರಿಗೂ ಮಾಜಿ ಸೈನಿಕರಿಗೂ ಇದು ಉಂಟು. ಗಮನಿಸಿ, ಸೇರುವಾಗ ಬರೆಸಿದ್ದು. ಆಮೇಲೆ ಗದಗ-ಬೆಟಗೇರಿಯಲ್ಲಿ ಪ್ಲಾಟ್ ತಗೊಂಡಿದ್ದು, ಆಧಾರ್ ಅಡ್ರೆಸ್ ಬದಲಿಸಿದ್ದು ಇದಕ್ಕೆ ಲೆಕ್ಕಕ್ಕಿಲ್ಲ. ಹದಿನೆಂಟರ ಹುಡುಗ ಭರ್ತಿ ರ್‍ಯಾಲಿಯಲ್ಲಿ ಹೇಳಿದ ಒಂದು ಊರಿನ ಹೆಸರು ಇಪ್ಪತ್ತೈದು ಮೂವತ್ತು ವರ್ಷ ಆದ್ಮೇಲೆ ಅವನ ಮಗಳ ಸೀಟು ತೀರ್ಮಾನ ಮಾಡುತ್ತೆ.

ನಮ್ಮ ಕಡೆ ಇದರಲ್ಲೊಂದು ಗಂಟಿದೆ. ಈ ಹುಡುಗಿಯ ಅಪ್ಪ ಸೇರಿದ್ದು 1996ರಲ್ಲಿ. ಗದಗ ಜಿಲ್ಲೆ ಆಗಿದ್ದು 1997ರಲ್ಲಿ. ಹಾಗಾಗಿ ಹಳೇ ಕಾಗದದಲ್ಲಿ 'ಲಕ್ಷ್ಮೇಶ್ವರ, ತಾಲೂಕು ಶಿರಹಟ್ಟಿ, ಜಿಲ್ಲೆ ಧಾರವಾಡ' ಅಂತಿದೆ. ಈಗ ಲಕ್ಷ್ಮೇಶ್ವರವೇ ತಾಲೂಕು, ಜಿಲ್ಲೆ ಗದಗ. "ಎರಡೂ ತಾಳೆ ಆಗಂಗಿಲ್ಲಲ್ಲ" ಅಂತ ಅವರ ಮನೆಯಲ್ಲಿ ಗಾಬರಿ. ಗಾಬರಿ ಬೇಡ. ಕಲಂ ಕೇಳೋದು ಕರ್ನಾಟಕದ ಊರಾ ಅಲ್ವಾ ಅಂತ. ಜಿಲ್ಲೆ ಒಡೆದದ್ದು ಸರ್ಕಾರ, ಊರು ಇದ್ದಲ್ಲೇ ಇದೆ!

ಅರ್ಹತೆ ಬೇರೆ, ಮೀಸಲಾತಿ ಬೇರೆ. ಹೋಮ್ ಟೌನ್ ಕಲಂ ನಿಮ್ಮನ್ನು ಸಾಲಿನಲ್ಲಿ ನಿಲ್ಲಿಸುತ್ತೆ, ಅಷ್ಟೇ. ಸೈನಿಕರ ಮಕ್ಕಳಿಗಂತ ಇಟ್ಟ ಕೆಲವೇ ಸೀಟುಗಳಿಗೆ ಪ್ರತ್ಯೇಕವಾಗಿ ಕ್ಲೈಮ್ ಮಾಡಬೇಕು. ಅಲ್ಲಿ ರಕ್ಷಣಾ ಸಚಿವಾಲಯದ ಆದ್ಯತಾ ಕ್ರಮ ನಡೆಯುತ್ತೆ. ಮೊದಲು ಯುದ್ಧದಲ್ಲಿ ಮಡಿದವರ ಮಕ್ಕಳು, ಆಮೇಲೆ ಯುದ್ಧದಲ್ಲಿ ಅಂಗವಿಕಲರಾದವರ ಮಕ್ಕಳು, ಹೀಗೆ. ಮಾಜಿ ಸೈನಿಕರ ಮಕ್ಕಳು ಆರನೇ ಸ್ಥಾನ, ಸೇವೆಯಲ್ಲಿರೋರ ಮಕ್ಕಳು ಎಂಟನೇ ಸ್ಥಾನ. ನ್ಯಾಯವಾದ ಕ್ರಮ ಅಂತಲೇ ನನ್ನ ಅಭಿಪ್ರಾಯ. ಆದರೆ 'ಮಿಲಿಟರಿ ಕೋಟಾ ಐತಿ, ಸೀಟು ಗ್ಯಾರಂಟಿ' ಅನ್ನೋ ಮಾತನ್ನು ಮಾತ್ರ ನಂಬಬೇಡಿ.

ಮುಂಡರಗಿಯವರಿಗೆ ಒಂದು ಮಾತು. ಪಕ್ಕದ ಕೊಪ್ಪಳಕ್ಕೆ 371(ಜೆ) ಇದೆ, ಗದಗ ಜಿಲ್ಲೆಗೆ ಇಲ್ಲ. ಅದಕ್ಕೆ ಅಲ್ಲೇ ಹುಟ್ಟಿರಬೇಕು ಅಥವಾ ಹತ್ತು ವರ್ಷ ವಾಸ ಇರಬೇಕು. ರಿಟೈರ್ ಆದ್ಮೇಲೆ ಕೊಪ್ಪಳದಲ್ಲಿ ಬಾಡಿಗೆ ಮನೆ ಹಿಡಿದರೆ ಬರಲ್ಲ.

ಈಗ ದುಡ್ಡು. ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಅಂತ ಕೇಂದ್ರೀಯ ಸೈನಿಕ ಮಂಡಳಿಯದ್ದಿದೆ, 2006-07ರಿಂದ. ಹುಡುಗಿಯರಿಗೆ ತಿಂಗಳಿಗೆ 3,000, ಹುಡುಗರಿಗೆ 2,500 ರೂಪಾಯಿ. ನಾಲ್ಕು ವರ್ಷದ ಬಿಇಗೆ ಹುಡುಗಿಗೆ 1,44,000 ಆಯ್ತು. ಪಿಯುಸಿಯಲ್ಲಿ 60 ಪರ್ಸೆಂಟ್ ಬೇಕು, ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು. ಬಿಬಿಎ, ಬಿಸಿಎಗೆ ಸಿಗುತ್ತೆ, ಬಿಕಾಂಗೆ ಇಲ್ಲ. ಬಿಕಾಂ ಓದಿದ ನನಗೆ ಇದೊಂದು ಸಿಟ್ಟು ಇದ್ದೇ ಇದೆ. ಮತ್ತೆ ಇದು ಮಾಜಿ ಸೈನಿಕರ ಮಕ್ಕಳಿಗೆ. ಸೇವೆಯಲ್ಲಿರೋರಿಗೆ ಸಿಗೋ ಮಕ್ಕಳ ಶಿಕ್ಷಣ ಭತ್ಯೆ ಹನ್ನೆರಡನೇ ಕ್ಲಾಸಿಗೆ ಮುಗಿಯುತ್ತೆ. ಅಂದರೆ ಅಪ್ಪ ಇನ್ನೂ ಗಡಿಯಲ್ಲಿದ್ದು ಮಗ ಕಾಲೇಜು ಸೇರಿದರೆ ಎರಡೂ ಇಲ್ಲ. ಹವಾಲ್ದಾರ್ ತನಕದ ಮಾಜಿ ಸೈನಿಕರ ಇಬ್ಬರು ಮಕ್ಕಳಿಗೆ ಬೇರೊಂದು ಶಿಕ್ಷಣ ಧನಸಹಾಯ ಇದೆ, ಪದವಿ ಮುಗಿಯೋ ತನಕ. 2025ರ ನವೆಂಬರ್‌ನಿಂದ ಅದು ತಿಂಗಳಿಗೆ 1,000ದಿಂದ 2,000 ಆಗಿದೆ. ಇದಕ್ಕೆ ಬಿಕಾಂ ನಡೆಯುತ್ತೆ.

ಮಡಿದ ಸೈನಿಕರ ಮಕ್ಕಳ ಪೂರ್ತಿ ಟ್ಯೂಷನ್ ಫೀ ಕೊಡೋ ಯೋಜನೆ 1971ರ ಯುದ್ಧದ ನಂತರ ಬಂದಿದ್ದು. 2017ರಲ್ಲಿ ಅದಕ್ಕೆ ತಿಂಗಳಿಗೆ 10,000 ರೂಪಾಯಿ ಮಿತಿ ಹಾಕಿದರು. ಗಲಾಟೆ ಆಯ್ತು. 2018ರ ಮಾರ್ಚ್‌ನಲ್ಲಿ ಮಿತಿ ತೆಗೆದರು.

ಅಮೆರಿಕದಲ್ಲೂ ಇದೇ ತಕರಾರು ಇತ್ತು. ಅಲ್ಲಿ ಸರ್ಕಾರಿ ಕಾಲೇಜುಗಳು ಹೊರರಾಜ್ಯದವರಿಗೆ ಜಾಸ್ತಿ ಫೀ ಹಾಕ್ತವೆ. 2008ರ ಕಾನೂನು ಬಂದ ಮೇಲೆ ಸೈನಿಕನ ಪೋಸ್ಟಿಂಗ್ ಇರೋ ರಾಜ್ಯದಲ್ಲೇ ಕುಟುಂಬಕ್ಕೆ ಸ್ಥಳೀಯರ ಫೀ. ಅಲ್ಲಿ ಪೋಸ್ಟಿಂಗ್ ನೋಡ್ತಾರೆ, ನಮ್ಮ ಈ ಕಲಂ ಬಿಟ್ಟು ಬಂದ ಊರನ್ನು ನೋಡುತ್ತೆ.

ಲಕ್ಷ್ಮೇಶ್ವರದ ತಂಗಿ, ಅಪ್ಪನ ಟ್ರಂಕ್ ತೆಗೆಸಿ ಡಿಸ್ಚಾರ್ಜ್ ಬುಕ್ ಹುಡುಕು. ಹೋಮ್ ಟೌನ್ ಪ್ರಮಾಣಪತ್ರದ ನಮೂನೆ ಪ್ರಾಧಿಕಾರದ ಬ್ರೋಷರ್‌ನ ಕೊನೆಯಲ್ಲಿರುತ್ತೆ, ಈ ವರ್ಷದ್ದನ್ನೇ ಡೌನ್‌ಲೋಡ್ ಮಾಡು, ಹಳೇದು ಬೇಡ. ರೆಕಾರ್ಡ್ ಆಫೀಸ್‌ನಿಂದ ಪತ್ರ ತರಿಸಬೇಕಾಗಿ ಬಂದರೆ ಅಂಚೆಯಲ್ಲೇ ವಾರಗಟ್ಟಲೆ ಹೋಗಬಹುದು. ರಿಸಲ್ಟ್ ಬರಲಿ ಅಂತ ಕಾಯದೆ ಇವತ್ತೇ ಬರೆಸು.