ಓಕೆ ಅಂದ್ರೆ ಏನು?

ಅಕ್ಕಂದಿರೇ, "ಓಕೆ" ಅನ್ನೋ ಮಾತು ಕೇಳದವರು ಯಾರಿದ್ದಾರೆ? ಗಜೇಂದ್ರಗಡದ ಅಂಗಡಿಯಲ್ಲಿ ಸೀರೆಯ ದರ ಹೊಂದಿದರೆ ಓಕೆ. ರೋಣದ ಬಸ್ ನಿಲ್ದಾಣದಲ್ಲಿ ಫೋನಿನ ಮಾತು ಮುಗಿದರೆ ಓಕೆ. ನರಗುಂದದಲ್ಲಿ ಕಡಲೆಯ ತೂಕ ಮುಗಿದರೂ ಓಕೆ. ಸಾಲಿಗೆ ಹೋಗೋ ಮಕ್ಕಳಂತೂ "ಹೂಂ" ಅನ್ನೋದನ್ನೇ ಮರೆತಾರೆ!

ಇದು ಇಂಗ್ಲಿಷ್ ಮಾತು. ಓ ಮತ್ತು ಕೆ ಎಂಬ ಎರಡು ಅಕ್ಷರ ಸೇರಿ ಆಗಿದೆ. ಸರಿ, ಆಗಲಿ, ಅಡ್ಡಿ ಇಲ್ಲ ಎಂದು ಇದರ ಅರ್ಥ. ನಾವು "ಬರೋಬ್ಬರಿ" ಅಂತೀವಲ್ಲ, ಅದಕ್ಕೆ ಬಹಳ ಹತ್ತಿರ. ಬರೋಬ್ಬರಿ ಕೂಡ ಹೊರಗಿನಿಂದ ಬಂದದ್ದೇ. ಪಾರಸಿ ಭಾಷೆಯ "ಬರಾಬರ್" ಮರಾಠಿಯವರ ಬಾಯಲ್ಲಿ ತಿರುಗಿ ನಮ್ಮ ಮನೆ ಸೇರಿತು.

ಓಕೆ ಹುಟ್ಟಿದ್ದು ಅಮೆರಿಕ ದೇಶದ ಬಾಸ್ಟನ್ ಊರಿನಲ್ಲಿ. ಹುಟ್ಟಿದ್ದು ಒಂದು ತಪ್ಪಿನಿಂದ!

ಆಗ ಅಲ್ಲಿನ ಪತ್ರಿಕೆಯವರಿಗೆ ಒಂದು ಚಾಳಿ ಇತ್ತು. ಮಾತುಗಳನ್ನು ಬೇಕಂತಲೇ ತಪ್ಪು ಬರೆಯೋರು. ಅದರ ಮೊದಲ ಅಕ್ಷರ ಮಾತ್ರ ಅಚ್ಚು ಹಾಕಿ ನಗೋರು. "ಎಲ್ಲಾ ಸರಿ" ಅನ್ನೋದಕ್ಕೆ ಇಂಗ್ಲಿಷಿನಲ್ಲಿ "ಆಲ್ ಕರೆಕ್ಟ್" ಅಂತಾರೆ. ಸರಿಯಾಗಿ ಬರೆದರೆ ಮೊದಲ ಅಕ್ಷರ ಎ ಮತ್ತು ಸಿ. ಇವರು ಕಿವಿಗೆ ಕೇಳಿದ ಹಾಗೆ ಓ ಮತ್ತು ಕೆ ಹಾಕಿದರು. ಎಲ್ಲಾ ಸರಿ ಅನ್ನೋ ಮಾತೇ ತಪ್ಪು, ಅದೇ ತಮಾಷೆ. 'ಬಾಸ್ಟನ್ ಮಾರ್ನಿಂಗ್ ಪೋಸ್ಟ್' ಪತ್ರಿಕೆಯಲ್ಲಿ ಇದು ಅಚ್ಚಾದದ್ದು 1839ರ ಮಾರ್ಚ್ 23ರಂದು. ನರಗುಂದದ ಬಾಬಾಸಾಹೇಬರು ಇಂಗ್ಲಿಷರ ಮೇಲೆ ಬಂಡೆದ್ದದ್ದು 1858ರಲ್ಲಿ. ಅದಕ್ಕೂ 19 ವರ್ಷ ಮೊದಲಿನ ಮಾತು ಇದು.

ಅಕ್ಷರ ತಪ್ಪಾದೀತು ಅಂತ ಪೆನ್ನು ಹಿಡಿಯಲು ಅಂಜುವ ಅಕ್ಕಂದಿರಿಗೆ ಈ ಕಥೆ ಹೇಳಲೇಬೇಕು.

ಇಂಥ ತಮಾಷೆಯ ಮಾತು ಬಹಳ ಇದ್ದವು. ಹೆಚ್ಚಿನವು ಮರೆತುಹೋದವು. ಓಕೆ ಉಳಿಯಿತು. ಅದಕ್ಕೆ ಚುನಾವಣೆ ಕಾರಣ. 1840ರಲ್ಲಿ ಅಮೆರಿಕದ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರನ್ ಮತ್ತೆ ಚುನಾವಣೆಗೆ ನಿಂತರು. ಅವರ ಊರು ಕಿಂಡರ್‌ಹುಕ್. ನಮ್ಮಲ್ಲಿ ಊರ ಹೆಸರೇ ಅಡ್ಡಹೆಸರು ಆಗತದಲ್ಲ, ಹಾಗೇ ಅವರನ್ನು "ಓಲ್ಡ್ ಕಿಂಡರ್‌ಹುಕ್" ಅಂದರು. ಓಲ್ಡ್ ಅಂದ್ರೆ ಹಿರಿಯ. ಅದರ ಮೊದಲಕ್ಷರವೂ ಓ ಮತ್ತು ಕೆ! ಅವರ ಕಡೆಯವರು "ಓಕೆ, ಓಕೆ" ಎಂದು ಕೂಗಿದರು. ಅವರೇನೋ ಸೋತರು. ಕೂಗು ಮಾತ್ರ ಜಗತ್ತು ಸುತ್ತಿತು.

ಓಕೆ ಎಲ್ಲಿಂದ ಬಂತು ಅಂತ ಬೇರೆ ಬೇರೆ ಕಥೆ ಹೇಳೋರೂ ಇದ್ದಾರೆ. ಅಲೆನ್ ವಾಕರ್ ರೀಡ್ ಎಂಬ ಪಂಡಿತರು ಹಳೆಯ ಪತ್ರಿಕೆಗಳನ್ನು ಹುಡುಕಿ, 1963 ಮತ್ತು 1964ರಲ್ಲಿ ಈ ಕಥೆಯನ್ನು ಪುರಾವೆ ಸಮೇತ ಬರೆದರು.

ಓಕೆ ಸಲುಗೆಯ ಮಾತು. ಅರ್ಜಿಯಲ್ಲಿ ಅದನ್ನು ಬರೆಯೋದಿಲ್ಲ, "ಒಪ್ಪಿದ್ದೇನೆ" ಎಂದು ಬರೀತಾರೆ. ಹಿರಿಯರ ಮುಂದೆ ಬರೀ ಓಕೆ ಅಂದರೆ ಚಲೋ ಕಾಣೋದಿಲ್ಲ. ಅದಕ್ಕೇ ನಮ್ಮ ಮಂದಿ "ಓಕೆರಿ" ಮಾಡಿಕೊಂಡಾರೆ.

ಬಾಯಿಮಾತಿನ ಓಕೆಯನ್ನು ಹಿಂದಕ್ಕೆ ತಗೋಬಹುದು. ಫೋನಿನಲ್ಲಿ ಕಾಣೋ ಓಕೆ ಹಾಗಲ್ಲ. ಅದನ್ನು ಒತ್ತಿದರೆ, ಅದರ ಮೇಲೆ ಬರೆದದ್ದಕ್ಕೆಲ್ಲ ನೀವು ಒಪ್ಪಿದಂತೆ. ಹೆಬ್ಬೆಟ್ಟು ಒತ್ತಿದ ಹಾಗೇ. ಮೇಲೆ ಏನು ಬರೆದಿದೆ? ಮೊದಲು ಓದಿರಿ. "ನಿಮಗೆ ದುಡ್ಡು ಬರತೈತಿ, ಓಕೆ ಒತ್ತಿ ಪಿನ್ ಹಾಕ್ರಿ" ಅಂತ ಯಾರಾದರೂ ಫೋನ್ ಮಾಡಿದರೆ ಒತ್ತಬೇಡಿ. ದುಡ್ಡು ಕಳಿಸಲು ಪಿನ್ ಬೇಕು. ನಿಮ್ಮ ಖಾತೆಗೆ ದುಡ್ಡು ಬರಲು ಯಾವ ಪಿನ್ನೂ ಬೇಕಾಗಿಲ್ಲ.