ಕಡಲ ತಳದ ದಾಸ್ತಾನು ಪರಿಶೀಲನೆ: 'ಗೇರ್‌ಸೊಪ್ಪ' ಹಡಗಿನ ಲೆಕ್ಕ

ಸರಕು ಮುಳುಗಿತು, ವಿಮೆಯ ಹಣ ಬಂದಿತು, ಖಾತೆ ಮುಗಿಯಿತು ಎಂದು ಭಾವಿಸುವುದು ವ್ಯಾಪಾರಿಗಳಲ್ಲಿ ಸಾಮಾನ್ಯ. ಕಾಯ್ದೆಯ ದೃಷ್ಟಿಯಲ್ಲಿ ಸರಕು ಮುಳುಗಿದರೂ ಅದರ ಒಡೆತನ ಮುಳುಗುವುದಿಲ್ಲ. ಈ ಮಾತಿಗೆ ಎರಡನೆಯ ಮಹಾಯುದ್ಧದ 'ಎಸ್.ಎಸ್. ಗೇರ್‌ಸೊಪ್ಪ' ಹಡಗಿಗಿಂತ ಉತ್ತಮ ಉದಾಹರಣೆ ಸಿಗುವುದು ಕಷ್ಟ. ಮುಳುಗಿದ 71 ವರ್ಷಗಳ ನಂತರ ಅದರ ಸರಕನ್ನು ಎಣಿಸಿ, ತೂಗಿ, ಪಾಲು ಮಾಡಲಾಯಿತು.

ನಮ್ಮ ಶರಾವತಿ ತೀರದ ಗೇರುಸೊಪ್ಪೆಯ ಹೆಸರನ್ನು ಹೊತ್ತ ಈ ಹಡಗು 1919ರಲ್ಲಿ ಇಂಗ್ಲೆಂಡಿನಲ್ಲಿ ನಿರ್ಮಾಣಗೊಂಡು ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಗೆ ಸೇರಿತ್ತು. 1940ರ ಡಿಸೆಂಬರಿನಲ್ಲಿ ಪಿಗ್ ಐರನ್, ಚಹಾ, ಇತರ ಸರಕು ಮತ್ತು ಬೆಳ್ಳಿಯ ಗಟ್ಟಿಗಳನ್ನು ತುಂಬಿಕೊಂಡು ಕಲ್ಕತ್ತೆಯಿಂದ ಬ್ರಿಟನ್ನಿಗೆ ಹೊರಟಿತು. ಪಶ್ಚಿಮ ಆಫ್ರಿಕದ ಫ್ರೀಟೌನಿನಲ್ಲಿ ಬೆಂಗಾವಲಿನ ಹಡಗುಗಳ ಸಾಲನ್ನು ಸೇರಿತಾದರೂ, ಬಿರುಗಾಳಿಯಲ್ಲಿ ಕಲ್ಲಿದ್ದಲು ಸಾಲದಾಗಿ ಸಾಲನ್ನು ಬಿಟ್ಟು ಐರ್ಲೆಂಡಿನ ಗಾಲ್ವೇ ಬಂದರಿನತ್ತ ಒಂಟಿಯಾಗಿ ತಿರುಗಬೇಕಾಯಿತು. 1941ರ ಫೆಬ್ರವರಿ ಮಧ್ಯದಲ್ಲಿ ಯು-101 ಎಂಬ ಜರ್ಮನ್ ಜಲಾಂತರ್ನೌಕೆಯ ಟಾರ್ಪೆಡೊ ಅದನ್ನು ಮುಳುಗಿಸಿತು. ಹಡಗಿನಲ್ಲಿದ್ದ ಸುಮಾರು 85 ಮಂದಿಯಲ್ಲಿ ಹೆಚ್ಚಿನವರು ಭಾರತೀಯ ಲಸ್ಕರ್ ನಾವಿಕರು. ದೋಣಿಯಲ್ಲಿ 13 ದಿನ ಅಲೆದು ಇಂಗ್ಲೆಂಡಿನ ತೀರವನ್ನು ಜೀವಂತವಾಗಿ ತಲುಪಿದವರು ದ್ವಿತೀಯ ಅಧಿಕಾರಿ ರಿಚರ್ಡ್ ಏರ್ಸ್ ಒಬ್ಬರೇ.

ಬೆಳ್ಳಿಗೆ ಬ್ರಿಟಿಷ್ ಸರ್ಕಾರದ ಯುದ್ಧ ವಿಮೆಯಿತ್ತು. ಸರ್ಕಾರ 3,25,000 ಪೌಂಡ್ ಪರಿಹಾರವನ್ನು ಪಾವತಿ ಮಾಡಿತು. 1906ರ ಬ್ರಿಟಿಷ್ ಸಾಗರ ವಿಮಾ ಕಾಯ್ದೆಯಂತೆ, ಸಂಪೂರ್ಣ ನಷ್ಟಕ್ಕೆ ಪರಿಹಾರ ಕೊಟ್ಟ ವಿಮೆದಾರನು ಉಳಿದಿರುವ ಸರಕಿನ ಹಕ್ಕನ್ನು ತನ್ನದಾಗಿಸಿಕೊಳ್ಳಬಹುದು. ಭಾರತದ 1963ರ ಸಾಗರ ವಿಮಾ ಕಾಯ್ದೆಯೂ ಇದೇ ತತ್ತ್ವವನ್ನು ಅನುಸರಿಸುತ್ತದೆ. ವಿಮೆ ಮಾಡಿಸುವ ನಮ್ಮ ರಫ್ತುದಾರರಲ್ಲಿ ಪಾಲಿಸಿಯ ಈ ಭಾಗವನ್ನು ಓದಿದವರು ವಿರಳ. ಹೀಗೆ ಯಾರಿಗೂ ಎಟುಕದ ಬೆಳ್ಳಿಯ ಒಡೆಯನಾಗಿ ಬ್ರಿಟಿಷ್ ಸರ್ಕಾರ ಉಳಿಯಿತು. 2010ರಲ್ಲಿ ಅದರ ಸಾರಿಗೆ ಇಲಾಖೆಯು ಟೆಂಡರಿನ ಮೂಲಕ ಒಡಿಸ್ಸಿ ಮರೀನ್ ಎಕ್ಸ್‌ಪ್ಲೊರೇಷನ್ ಎಂಬ ಅಮೆರಿಕನ್ ಕಂಪನಿಗೆ ಗುತ್ತಿಗೆ ನೀಡಿತು. ಷರತ್ತು ಸರಳವಾಗಿತ್ತು: ಹುಡುಕುವ ಖರ್ಚು ಮತ್ತು ನಷ್ಟಭಯ ಕಂಪನಿಯದು, ಬೆಳ್ಳಿ ಸಿಕ್ಕರೆ ಖರ್ಚನ್ನು ಕಳೆದು ಉಳಿದ ಮೌಲ್ಯದಲ್ಲಿ ಶೇಕಡಾ 80 ಕಂಪನಿಗೆ, 20 ಸರ್ಕಾರಕ್ಕೆ.

ಸಮೀಕ್ಷೆ ನಡೆಯುವ ಬಗೆ

ಇಂಥ ಶೋಧ ಆರಂಭವಾಗುವುದು ಕಡತಗಳಲ್ಲಿ. ಜಲಾಂತರ್ನೌಕೆಯ ದಿನಚರಿ, ಬದುಕಿ ಬಂದವರ ಹೇಳಿಕೆ, ಅಂದಿನ ಗಾಳಿ ಮತ್ತು ಪ್ರವಾಹ ಇವೆಲ್ಲವನ್ನು ತಾಳೆ ನೋಡಿ ಹುಡುಕಬೇಕಾದ ಪ್ರದೇಶವನ್ನು ಗುರುತಿಸಲಾಗುತ್ತದೆ. ಅನಂತರ ಹಡಗಿನ ಹಿಂದೆ ಉದ್ದನೆಯ ಕೇಬಲ್ಲಿಗೆ ಕಟ್ಟಿದ ಸೋನಾರ್ ಯಂತ್ರವನ್ನು ತಳದ ಸಮೀಪದಲ್ಲಿ ಎಳೆಯುತ್ತಾರೆ. ಅದು ಎರಡೂ ಪಕ್ಕಗಳಿಗೆ ಧ್ವನಿಯನ್ನು ಕಳಿಸಿ ಪ್ರತಿಧ್ವನಿಯನ್ನು ದಾಖಲಿಸುತ್ತದೆ. ಕೆಸರಿನಿಂದ ಮಂದವಾದ ಪ್ರತಿಧ್ವನಿ, ಉಕ್ಕಿನಿಂದ ಗಟ್ಟಿಯಾದ ಪ್ರತಿಧ್ವನಿ ಬರುತ್ತದೆ; ವಸ್ತುವಿನ ಹಿಂದೆ ಧ್ವನಿ ತಲುಪದ 'ನೆರಳಿ'ನ ಉದ್ದದಿಂದ ಅದರ ಎತ್ತರ ತಿಳಿಯುತ್ತದೆ. ಗೇರ್‌ಸೊಪ್ಪ ಪತ್ತೆಯಾದದ್ದು 2011ರಲ್ಲಿ, ಸುಮಾರು 4,700 ಮೀಟರ್ ಆಳದಲ್ಲಿ. ಟೈಟಾನಿಕ್ ಇರುವುದಕ್ಕಿಂತಲೂ ಇದು ಹೆಚ್ಚು ಆಳ. ಅಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಅರ್ಧ ಟನ್ನಿಗೆ ಸಮೀಪದ ಒತ್ತಡವಿರುವುದರಿಂದ ಮುಳುಗುಗಾರರ ಮಾತೇ ಇಲ್ಲ. ದೀಪ, ಕ್ಯಾಮರಾ ಮತ್ತು ಯಾಂತ್ರಿಕ ಕೈಗಳಿರುವ ರೋಬೊ ವಾಹನವನ್ನು ಮೇಲಿನ ಹಡಗಿನಿಂದಲೇ ನಡೆಸಬೇಕು.

ಸಿಕ್ಕಿದ್ದು ಅದೇ ಹಡಗೇ ಎಂಬುದನ್ನು ಸಿದ್ಧಪಡಿಸುವುದು ಮುಂದಿನ ಹಂತ. ಹೆಸರಿನ ಫಲಕ ಸಿಗುವುದು ಅಪರೂಪ. ಆದ್ದರಿಂದ ಉದ್ದಗಲ, ಸರಕಿನ ಕೋಣೆಗಳ ಸಂಖ್ಯೆ, ಲಂಗರಿನ ಮಾದರಿ, ಒಡಲಿನ ಬಣ್ಣ, ಟಾರ್ಪೆಡೊ ಬಡಿದ ರಂಧ್ರ ಮುಂತಾದವನ್ನು ದಾಖಲೆಗಳೊಂದಿಗೆ ಒಂದೊಂದಾಗಿ ಹೋಲಿಸಲಾಯಿತು. ಲೆಕ್ಕ ಪರಿಶೋಧಕರು ಗೋದಾಮಿನಲ್ಲಿ ದಾಸ್ತಾನನ್ನು ಪುಸ್ತಕದೊಂದಿಗೆ ತಾಳೆ ನೋಡುವ ಕ್ರಮಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ.

ಪುರಾತತ್ತ್ವಜ್ಞರ ಕೆಲಸ ಇಲ್ಲಿಂದ ಮುಂದೆ ಸೂಕ್ಷ್ಮವಾಗುತ್ತದೆ. ತಳದಲ್ಲಿ ಚೆಲ್ಲಿರುವ ಅವಶೇಷಗಳೆಲ್ಲ ಒಂದೇ ದಿನದ್ದಲ್ಲ. ಸ್ಫೋಟದಲ್ಲಿ ಒಳಕ್ಕೋ ಹೊರಕ್ಕೋ ಬಾಗಿದ ತಗಡು ಯುದ್ಧದ ಸಾಕ್ಷಿ. ಮುಳುಗುವಾಗ ಕಳಚಿ ದೂರ ಬಿದ್ದ ವಸ್ತುಗಳು ಹಡಗು ಇಳಿದ ರೀತಿಯನ್ನು ತಿಳಿಸುತ್ತವೆ. ತುಕ್ಕಿನಿಂದ ಕುಸಿದ ಅಟ್ಟಗಳು ಕಾಲದ ಕೆಲಸ. ನೇರವಾಗಿ ಕತ್ತರಿಸಿದ ಅಂಚು, ಕಬ್ಬಿಣದ ಪಂಜದ ಗೀರುಗಳು, ಪ್ರೊಪೆಲರ್ ಇಲ್ಲದ ದಂಡ, ಬೇಡವೆಂದು ಪಕ್ಕಕ್ಕೆ ಸುರಿದ ರಾಶಿ ಇವೆಲ್ಲ ನಂತರ ಬಂದ ಎತ್ತುವವರು ಬಿಟ್ಟುಹೋದ ಗುರುತುಗಳು. ಯಾವ ವಸ್ತು ಎಲ್ಲಿತ್ತು ಎಂಬ ನಕ್ಷೆ ಮೊದಲು ಸಿದ್ಧವಾಗದಿದ್ದರೆ ಈ ನಾಲ್ಕನ್ನೂ ಬೇರ್ಪಡಿಸಲು ಸಾಧ್ಯವಿಲ್ಲ. ಒಮ್ಮೆ ಕದಲಿಸಿದ ಅವಶೇಷವನ್ನು ಮತ್ತೆ ಸಮೀಕ್ಷೆ ಮಾಡಲು ಬರುವುದಿಲ್ಲ.

ಬೆಳ್ಳಿ ಮತ್ತು ಕಾಗದ

2012ರಲ್ಲಿ 1,218, 2013ರಲ್ಲಿ 1,574, ಒಟ್ಟು 2,792 ಬೆಳ್ಳಿ ಗಟ್ಟಿಗಳು ಮೇಲೆ ಬಂದವು. ತೂಕ ಸುಮಾರು 32 ಲಕ್ಷ ಟ್ರಾಯ್ ಔನ್ಸ್. ವಿಮೆ ಮಾಡಿದ್ದ ಬೆಳ್ಳಿಯ ಶೇಕಡಾ 99ಕ್ಕೂ ಹೆಚ್ಚು. ಅಂದು ಪಾವತಿಯಾದ ಪರಿಹಾರವನ್ನು ಈ ತೂಕಕ್ಕೆ ಹಂಚಿದರೆ ಔನ್ಸಿಗೆ ಎರಡು ಶಿಲಿಂಗಿನಷ್ಟು ಬೀಳುತ್ತದೆ. ಎಪ್ಪತ್ತು ವರ್ಷ ಕಳೆದ ಕ್ಲೇಮ್ ಕಡತದ ಅಂಕಿಯೂ ಕಡಲ ತಳದ ದಾಸ್ತಾನೂ ಹೀಗೆ ಹೊಂದಿಕೊಂಡದ್ದು ಆ ಕಾಲದ ಗುಮಾಸ್ತರಿಗೆ ಸಲ್ಲಬೇಕಾದ ಗೌರವ. ಬೆಳ್ಳಿಯ ಒಂದಂಶದಿಂದ ಬ್ರಿಟನ್ನಿನ ರಾಯಲ್ ಮಿಂಟ್ ನಾಣ್ಯಗಳನ್ನೂ ಟಂಕಿಸಿತು.

ಯಾವ ಒಪ್ಪಂದದಲ್ಲೂ ಬೆಲೆ ನಮೂದಾಗದ ಸರಕೊಂದು ಇದರೊಂದಿಗೆ ಸಿಕ್ಕಿತು. ಅದು ಏಳು ನೂರಕ್ಕೂ ಹೆಚ್ಚು ಅಂಚೆ ಪತ್ರಗಳು. ಬೆಳಕಿಲ್ಲದ ತಣ್ಣನೆಯ ಆಳದಲ್ಲಿ, ಇತರ ಸರಕಿನ ಒತ್ತಿನಲ್ಲಿ ಅವು ಉಳಿದಿದ್ದವು. ಭಾರತದಲ್ಲಿದ್ದ ಸೈನಿಕರೂ ಇತರರೂ ತಮ್ಮವರಿಗೆ ಬರೆದ ಈ ಕಾಗದಗಳನ್ನು ಸಂರಕ್ಷಿಸಿ 2018ರಲ್ಲಿ ಲಂಡನ್ನಿನ ಅಂಚೆ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶಿಸಲಾಯಿತು. ಲಾಭಕ್ಕಾಗಿ ನಡೆಯುವ ಶೋಧವನ್ನು ಅನೇಕ ಪುರಾತತ್ತ್ವಜ್ಞರು ವಿರೋಧಿಸುತ್ತಾರೆ. ಬೆಳ್ಳಿಗೆ ಖರ್ಚು ಮಾಡುವವನು ಕಾಗದಕ್ಕೆ, ಚಹಾ ಪೆಟ್ಟಿಗೆಗೆ ಅಷ್ಟೇ ಸಮಯ ಕೊಡುವನೇ ಎಂಬುದು ಅವರ ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಈ ಗುತ್ತಿಗೆ ಇಲ್ಲದಿದ್ದರೆ ಅಷ್ಟು ಆಳಕ್ಕೆ ಹಣ ಹೂಡುವವರು ಬೇರೆ ಯಾರೂ ಇರಲಿಲ್ಲವೆಂಬುದನ್ನೂ ಮರೆಯುವಂತಿಲ್ಲ.

ಗುತ್ತಿಗೆಯಾಗಲಿ ದಾಖಲೆಯಾಗಲಿ ಇಲ್ಲದೆ ಎತ್ತಿದರೆ ಆಗುವುದೇನು ಎಂಬುದಕ್ಕೆ ಇಂಡೊನೇಷ್ಯದ ಜಾವಾ ಸಮುದ್ರ ನಿದರ್ಶನ. 1942ರ ಫೆಬ್ರವರಿ 27ರ ಕದನದಲ್ಲಿ ಮುಳುಗಿದ್ದ ಡಚ್ ಯುದ್ಧನೌಕೆಗಳಾದ 'ಡೆ ರೌಟರ್' ಮತ್ತು 'ಜಾವಾ' 2002ರಲ್ಲಿ ಪತ್ತೆಯಾಗಿದ್ದವು. 2016ರಲ್ಲಿ ಸ್ಮರಣೆಯ ಸಿದ್ಧತೆಗಾಗಿ ಹೋದ ತಂಡದ ಸೋನಾರಿನಲ್ಲಿ ಕಂಡದ್ದು ಹಡಗುಗಳ ಅಚ್ಚು ಮೂಡಿದ ತಗ್ಗುಗಳು ಮಾತ್ರ. ಸಾವಿರಾರು ಟನ್ನಿನ ನೌಕೆಗಳನ್ನು, ನೂರಾರು ನಾವಿಕರ ಸಮಾಧಿಗಳೂ ಆಗಿದ್ದವನ್ನು, ಗುಜರಿಗಾಗಿ ಎತ್ತಿ ಸಾಗಿಸಲಾಗಿತ್ತು. ಯುದ್ಧನೌಕೆಯ ಒಡೆತನ ಎಷ್ಟು ಕಾಲ ಕಳೆದರೂ ಆಯಾ ರಾಷ್ಟ್ರದ್ದೇ ಎಂಬುದು ಹೆಚ್ಚಿನ ಕಡಲ ರಾಷ್ಟ್ರಗಳ ನಿಲುವು. ನೀರಿನಡಿಯ ಪರಂಪರೆಯ ರಕ್ಷಣೆಗಾಗಿ ಯುನೆಸ್ಕೊ 2001ರಲ್ಲಿ ಅಂಗೀಕರಿಸಿದ ಒಪ್ಪಂದ 2009ರಲ್ಲಿ ಜಾರಿಗೆ ಬಂದಿತು. ಅದು ಅನ್ವಯಿಸುವುದು ನೂರು ವರ್ಷ ನೀರಿನಲ್ಲಿದ್ದ ಅವಶೇಷಗಳಿಗೆ. ಎರಡನೆಯ ಮಹಾಯುದ್ಧದ ಹಡಗುಗಳು ಆ ವಯಸ್ಸನ್ನು ಮುಟ್ಟುವುದು 2039ರಿಂದ 2045ರ ನಡುವೆ.

ಗುಜರಿ ವ್ಯಾಪಾರಕ್ಕೂ ಈ ವಿಷಯ ದೂರದ್ದಲ್ಲ. 2023ರಲ್ಲಿ ಮಲೇಷ್ಯದ ಅಧಿಕಾರಿಗಳು ಚೀನಾದಲ್ಲಿ ನೋಂದಣಿಯಾದ ಹಡಗೊಂದನ್ನು ತಡೆದಾಗ, 1941ರಲ್ಲಿ ಮುಳುಗಿದ 'ಪ್ರಿನ್ಸ್ ಆಫ್ ವೇಲ್ಸ್' ಮತ್ತು 'ರಿಪಲ್ಸ್' ನೌಕೆಗಳದೆಂದು ಶಂಕಿಸಲಾದ ಲೋಹವೂ ಹಳೆಯ ಫಿರಂಗಿ ಗುಂಡುಗಳೂ ದೊರೆತವು. ಹಡಗಿನ ಗುಜರಿ, ವಿಶೇಷವಾಗಿ ಹಳೆಯ ಕಂಚಿನ ಪ್ರೊಪೆಲರಿನ ತುಂಡುಗಳು ಮಾರುಕಟ್ಟೆಗೆ ಬಂದಾಗ, ಯಾವ ಹಡಗಿನದು, ಯಾರ ಅನುಮತಿಯಿಂದ ಎತ್ತಿದ್ದು ಎಂಬ ಕಾಗದಪತ್ರವನ್ನು ಬೆಲೆ ಮಾತನಾಡುವ ಮೊದಲೇ ಕೇಳಿ, ಖರೀದಿ ಬಿಲ್ಲಿನೊಂದಿಗೆ ಕಡತದಲ್ಲಿ ಇಡುವುದು ಕೊಳ್ಳುವವರ ಹಿತಕ್ಕೇ ಒಳ್ಳೆಯದು.